ಕೂಸಿಗಿಂತ ಮೊದಲು ಕುಲಾವಿ

ಹೊಟ್ಟೆಯಲ್ಲಿ ಏಳು ತಿಂಗಳು ತುಂಬಿದ್ದಾಗ ನಾನು ಫೋನ್ ಹಿಡಿದು ಕುಳಿತು, ಇನ್ನೂ ಹುಟ್ಟದ ಮಗುವನ್ನು ಮುಂದಿನ ವರ್ಷ ನೋಡಿಕೊಳ್ಳುವಿರಾ ಎಂದು ಗುರುತು ಪರಿಚಯವಿಲ್ಲದ ಹೆಂಗಸರನ್ನು ಕೇಳಲು ಶುರು ಮಾಡಿದೆ. ರಾತ್ರಿ ವಿಡಿಯೊ ಕರೆಯಲ್ಲಿ ಇದನ್ನು ಹೇಳಿದರೆ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ’ ಎಂದಳು. ಆ ಗಾದೆಯಲ್ಲಿ ನಗುವೂ ಇತ್ತು, ಹೆದರಿಕೆಯೂ ಇತ್ತು. ತುಂಬಿದ ಹೊಟ್ಟೆಯ ಮುಂದೆ ನಾಳೆಯ ಮಾತು ಆಡಬಾರದು ಎಂಬುದು ಅವಳ ಹೆದರಿಕೆ. ಮಗು ಮಡಿಲಿಗೆ ಬರುವ ಮೊದಲೇ ಅದನ್ನು ಇಳಿಸುವ ಜಾಗ ಹುಡುಕುತ್ತಿದ್ದೇನಲ್ಲ ಎಂಬುದು ನನ್ನ ನಾಚಿಕೆ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳದೆ ಸೀಮಂತದ ಸೀರೆಯ ವಿಷಯಕ್ಕೆ ಜಾರಿಕೊಂಡೆವು.

ನಾವಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಕುಲಾವಿಯನ್ನು ಮೊದಲೇ ಹೊಲಿಸದಿದ್ದರೆ ಆಮೇಲೆ ಬಟ್ಟೆಯೇ ಸಿಗುವುದಿಲ್ಲ ಎಂದು ನನ್ನ ಕಿವಿ ಹಿಂಡಿದ್ದು ಕಚೇರಿಯ ಗೆಳತಿ. ಅವಳು ಮಗುವಿಗೆ ಆರು ತಿಂಗಳಾದ ಮೇಲೆ ಹುಡುಕಲು ಹೊರಟಿದ್ದಳು. ‘ನಾನು ಆರಿಸಿಕೊಳ್ಳಲಿಲ್ಲ, ಉಳಿದದ್ದನ್ನು ಎತ್ತಿಕೊಂಡೆ’ ಎಂದು ಅವಳು ಹೇಳಿದ ಧಾಟಿ ನನಗೆ ಮರೆತಿಲ್ಲ. ಕೆಟ್ಟ ಜಾಗವೇನೂ ಅಲ್ಲವಂತೆ. ಆದರೆ ಪ್ರತಿದಿನ ಬೆಳಿಗ್ಗೆ ಆ ಬಾಗಿಲ ಮುಂದೆ ನಿಂತಾಗ, ಇದು ತಾನು ಮೆಚ್ಚಿ ಬಂದ ಬಾಗಿಲಲ್ಲ ಎಂದು ಅನ್ನಿಸುತ್ತಿತ್ತಂತೆ.

ನನಗೆ ಬೇಕಾಗಿದ್ದದ್ದು ನರ್ಸರಿಯಲ್ಲ, ಚೈಲ್ಡ್‌ಮೈಂಡರ್. ಅಂದರೆ ತನ್ನ ಸ್ವಂತ ಮನೆಯಲ್ಲಿ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವ, ಸರ್ಕಾರದ ತಪಾಸಣೆಗೆ ಒಳಪಟ್ಟ ಒಬ್ಬ ವ್ಯಕ್ತಿ, ಹೆಚ್ಚಾಗಿ ಹೆಂಗಸು. ನರ್ಸರಿಯಲ್ಲಿ ಬಣ್ಣಬಣ್ಣದ ಗೋಡೆ, ಸಮವಸ್ತ್ರದ ಹುಡುಗಿಯರು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು. ಚೈಲ್ಡ್‌ಮೈಂಡರ್ ಮನೆಯಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಮುಖ, ಮಧ್ಯಾಹ್ನ ತಟ್ಟಿ ಮಲಗಿಸುವ ಕೈ, ಸಂಜೆ ಕೊಡುವ ವರದಿ ಎಲ್ಲವೂ ಒಬ್ಬರದೇ. ಆಕೆಗೆ ಜ್ವರ ಬಂದರೆ ನನಗೂ ರಜೆ, ಅಷ್ಟೆ. ಆ ಒಂದು ಮುಖಕ್ಕಾಗಿ ಆ ತೊಂದರೆಯನ್ನು ತೆಗೆದುಕೊಳ್ಳಲು ನಾನು ಸಿದ್ಧಳಿದ್ದೆ. ತೊಡಕು ಏನೆಂದರೆ ಇಂಥ ಮನೆಗಳು ಕರಗುತ್ತಿವೆ. ಕಳೆದ ಹನ್ನೆರಡು ಹದಿಮೂರು ವರ್ಷಗಳಲ್ಲಿ ಇಂಗ್ಲೆಂಡಿನ ಚೈಲ್ಡ್‌ಮೈಂಡರ್‌ಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿದೆ.

ಇರುವವರಲ್ಲೂ ಜಾಗ ಎಷ್ಟಿರುತ್ತದೆ? ಇಂಗ್ಲೆಂಡಿನ ನಿಯಮದಂತೆ ಒಬ್ಬ ಚೈಲ್ಡ್‌ಮೈಂಡರ್ ಒಮ್ಮೆಗೆ ಎಂಟು ವರ್ಷದೊಳಗಿನ ಆರು ಮಕ್ಕಳನ್ನು ನೋಡಿಕೊಳ್ಳಬಹುದು. ಆ ಆರರಲ್ಲಿ ಐದು ವರ್ಷದೊಳಗಿನವರು ಮೂವರನ್ನು ಮೀರುವಂತಿಲ್ಲ. ಆ ಮೂವರಲ್ಲಿ ಒಂದು ವರ್ಷ ತುಂಬದ ಹಸುಗೂಸು ಸಾಮಾನ್ಯವಾಗಿ ಒಂದೇ ಒಂದು. ಒಡಹುಟ್ಟಿದವರು ಎಂಬಂಥ ಕಾರಣಗಳಿಗೆ ಸ್ವಲ್ಪ ಸಡಿಲಿಕೆ ಉಂಟು, ಆದರೆ ಅದನ್ನು ನಂಬಿಕೊಂಡು ಕೂರುವಂತಿಲ್ಲ. ನಿಯಮ ಸರಿಯಾಗಿಯೇ ಇದೆ. ಎರಡು ಹಸುಗೂಸುಗಳನ್ನು ಎರಡು ಕಂಕುಳಲ್ಲಿ ಹಿಡಿದವಳಿಗೆ ಮೂರನೆಯದರ ಮೂಗು ಒರೆಸಲು ಕೈ ಎಲ್ಲಿಂದ ಬರಬೇಕು? ಆದರೆ ಇದರಿಂದಾಗಿ ಒಂದು ಊರಿನಲ್ಲಿ ಹತ್ತು ಚೈಲ್ಡ್‌ಮೈಂಡರ್‌ಗಳಿದ್ದರೂ ಹಸುಗೂಸಿನ ಜಾಗ ಹತ್ತೇ.

ಇನ್ನು ನನ್ನ ಲೆಕ್ಕ. ಇಲ್ಲಿ ಹೆರಿಗೆ ರಜೆ 52 ವಾರ ಸಿಗುತ್ತದೆ, ಆದರೆ ಶಾಸನಬದ್ಧ ಹೆರಿಗೆ ವೇತನ ಸಿಗುವುದು 39 ವಾರಕ್ಕೆ ಮಾತ್ರ. ಅದರಲ್ಲೂ ಮೊದಲ ಆರು ವಾರ ಸರಾಸರಿ ಸಂಬಳದ ಶೇ. 90, ಉಳಿದ 33 ವಾರ ಮನೆ ಬಾಡಿಗೆಯ ಮುಂದೆ ತಲೆ ತಗ್ಗಿಸುವಂಥ ಒಂದು ಮೊತ್ತ. ಕೊನೆಯ 13 ವಾರಕ್ಕೆ ಏನೂ ಇಲ್ಲ. ನನ್ನಂತೆ ಎರಡು ಸಂಬಳದ ಮೇಲೆ ಮನೆ ನಿಂತವರು ಸುಮಾರು ಒಂಬತ್ತನೇ ತಿಂಗಳಿಗೆ ಹಿಂದಿರುಗಬೇಕು. ಆದರೆ ಒಂಬತ್ತರಿಂದ ಹನ್ನೆರಡನೇ ತಿಂಗಳವರೆಗೆ ಮಗು ಇನ್ನೂ ‘ಒಂದು ವರ್ಷ ತುಂಬದ್ದು’. ಅಂದರೆ ನಾನು ಕೇಳುತ್ತಿರುವುದು ಎಲ್ಲಕ್ಕಿಂತ ವಿರಳವಾದ ಆ ಒಂದೇ ಜಾಗವನ್ನು. ಹಣ ಒಂಬತ್ತಕ್ಕೆ ನಿಲ್ಲುತ್ತದೆ, ನಿಯಮ ಹನ್ನೆರಡಕ್ಕೆ ಸಡಿಲವಾಗುತ್ತದೆ. ನಡುವಿನ ಮೂರು ತಿಂಗಳಲ್ಲಿ ತಾಯಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಈ ಮೂರು ತಿಂಗಳ ಓಣಿಯನ್ನು ನಾನು ಕಾಗದದ ಮೇಲೆ ಬರೆದುಕೊಂಡು ನೋಡಿದ ದಿನವೇ ಫೋನ್ ಕೈಗೆತ್ತಿಕೊಂಡದ್ದು.

ಓಣಿಯನ್ನು ಸ್ವಲ್ಪ ಚಿಕ್ಕದು ಮಾಡುವ ಒಂದು ದಾರಿ ಸಿಕ್ಕಿತು. ಹೆರಿಗೆ ರಜೆಯಲ್ಲಿದ್ದಾಗಲೂ ವಾರ್ಷಿಕ ರಜೆ ಕೂಡಿಬೀಳುತ್ತಲೇ ಇರುತ್ತದೆ. 39 ವಾರಕ್ಕೆ ನನ್ನ ಪಾಲಿಗೆ 21 ದಿನ ಕೂಡಿತ್ತು. ಹೆರಿಗೆ ರಜೆಯನ್ನು ಮಾರ್ಚ್ ಮೊದಲಿಗೆ ಮುಗಿಸಿ, ಅದಕ್ಕೆ ಈ 21 ದಿನಗಳನ್ನು ಅಂಟಿಸಿದರೆ ಪೂರ್ತಿ ಸಂಬಳದೊಂದಿಗೆ ಮಾರ್ಚ್ ಕೊನೆಯವರೆಗೆ ಮನೆಯಲ್ಲಿರಬಹುದು. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿದರೆ ಇಲ್ಲ ಎನ್ನುವುದೂ ಇಲ್ಲ.

‘ಅಮ್ಮ ಬರುತ್ತಾರಲ್ಲ, ಮತ್ತೇಕೆ ಇದೆಲ್ಲ?’ ಎಂದು ಕೇಳದ ಕನ್ನಡಿಗರಿಲ್ಲ. ಅಮ್ಮ ಬಂದಳು. ಬಾಣಂತನ ಮಾಡಿದಳು. ಆದರೆ ಸಂದರ್ಶಕ ವೀಸಾದಲ್ಲಿ ಒಮ್ಮೆ ಬಂದರೆ ಆರು ತಿಂಗಳಿಗೆ ಹಿಂದಿರುಗಬೇಕು. ಮೊಮ್ಮಗುವನ್ನು ಕೆಲವು ದಿನ ನೋಡಿಕೊಂಡು ಹೋಗಲು ಅಡ್ಡಿಯಿಲ್ಲ, ಆದರೆ ಅದೇ ಕೆಲಸಕ್ಕೆಂದು ಬಂದು ನಿಂತಂತೆ ಆಗಬಾರದು. ಮೇ ತಿಂಗಳಲ್ಲಿ ಇಳಿದ ಅಮ್ಮ ನವೆಂಬರ್‌ನಲ್ಲಿ ವಿಮಾನ ಹತ್ತಲೇಬೇಕಿತ್ತು. ನಾನು ಕೆಲಸಕ್ಕೆ ಮರಳುವುದು ಏಪ್ರಿಲ್‌ನಲ್ಲಿ. ಅಜ್ಜಿಯನ್ನು ಲೆಕ್ಕಕ್ಕೆ ಸೇರಿಸಿಕೊಂಡವರೆಲ್ಲ ಈ ಐದು ತಿಂಗಳನ್ನು ಮರೆಯುತ್ತಾರೆ.

ಹಣದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. 2025ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನಲ್ಲಿ ದುಡಿಯುವ ಅರ್ಹ ತಂದೆತಾಯಿಯರ ಮಗುವಿಗೆ ಒಂಬತ್ತು ತಿಂಗಳಾದ ನಂತರದ ಶಾಲಾ ಅವಧಿಯಿಂದ ವರ್ಷದ 38 ವಾರ, ವಾರಕ್ಕೆ 30 ಗಂಟೆಯ ಪಾಲನೆಯ ಖರ್ಚನ್ನು ಸರ್ಕಾರ ಭರಿಸುತ್ತದೆ. ಅರ್ಹರಾಗಿರುವವರು ಮಾರ್ಚ್ 31, ಆಗಸ್ಟ್ 31, ಡಿಸೆಂಬರ್ 31 ಎಂಬ ಮೂರು ಗಡುವುಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ಒಂದು ದಿನ ತಪ್ಪಿದರೆ ಒಂದು ಅವಧಿ ತಪ್ಪಿತು. ನಾವು ಅಂಟಿಸಿಕೊಳ್ಳಲಿಲ್ಲ. ನಮ್ಮಿಬ್ಬರ ಕೆಲಸದ ವೀಸಾದಲ್ಲೂ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂಬ ಒಂದು ಸಾಲಿದೆ. ತಂದೆತಾಯಿಯಲ್ಲಿ ಒಬ್ಬರಿಗಾದರೂ ಆ ಸಾಲು ಇಲ್ಲದಿದ್ದರೆ ಬಾಗಿಲು ತೆರೆಯುತ್ತದೆ, ಇಬ್ಬರಿಗೂ ಇದ್ದರೆ ಮುಚ್ಚಿದೆ. ಇಬ್ಬರೂ ತೆರಿಗೆ ಕಟ್ಟುತ್ತೇವೆ ಎಂದು ನಾನು ಒಂದು ವಾರ ಗೊಣಗಿದೆ. ಆಮೇಲೆ ಗಂಟೆಗೆ 7 ಪೌಂಡ್, ದಿನಕ್ಕೆ ಒಂಬತ್ತೂವರೆ ಗಂಟೆ, ವಾರಕ್ಕೆ ಮೂರು ದಿನ ಎಂದು ಗುಣಿಸಿ, 200 ಪೌಂಡಿಗೆ ಐವತ್ತು ಪೆನ್ಸ್ ಕಡಿಮೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ನಾಲ್ಕನೆಯ ದಿನವನ್ನು ಗಂಡ ಹೊತ್ತುಕೊಂಡ. ತನ್ನ ಐದು ದಿನದ ಕೆಲಸವನ್ನು ನಾಲ್ಕಕ್ಕೆ ಮಡಚಿಕೊಂಡು ಗುರುವಾರ ಮನೆಯಲ್ಲಿರಲು ಕಚೇರಿಗೆ ಅರ್ಜಿ ಕೊಟ್ಟ. ನಾನು ಶುಕ್ರವಾರವನ್ನು ಬಿಟ್ಟೆ. ಇಂಥ ಅರ್ಜಿಯನ್ನು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಕೊಡುವ ಹಕ್ಕು 2024ರ ಏಪ್ರಿಲ್‌ನಿಂದ ಇದೆ. ಆದರೆ ಉತ್ತರ ಕೊಡಲು ಕಚೇರಿಗೆ ಎರಡು ತಿಂಗಳ ಅವಕಾಶವಿದೆ. ಚೈಲ್ಡ್‌ಮೈಂಡರ್‌ಗೆ ಯಾವ ದಿನಗಳು ಬೇಕು ಎಂದು ಹೇಳುವ ಮೊದಲು ಕಚೇರಿಯ ಉತ್ತರ ಬೇಕು, ಕಚೇರಿಗೆ ಹೇಳುವ ಮೊದಲು ಚೈಲ್ಡ್‌ಮೈಂಡರ್‌ಗೆ ಯಾವ ದಿನ ಖಾಲಿ ಎಂದು ಗೊತ್ತಾಗಬೇಕು. ಕೊನೆಗೆ ಎರಡೂ ಕಡೆ ‘ಬಹುಶಃ’ ಎಂಬ ಪದವನ್ನು ಧಾರಾಳವಾಗಿ ಬಳಸಿದೆ.

ಹನ್ನೊಂದು ಮಂದಿಗೆ ಫೋನ್ ಮಾಡಿದೆ. ಏಳು ಜನ ‘ಇಲ್ಲ’ ಎಂದರು. ಒಬ್ಬರಿಗೆ ಮಾತ್ರ ಗಂಡನಿಂದ ಮಾಡಿಸಿದೆ, ಪಟ್ಟಿ ಪೂರ್ತಿ ನನ್ನ ಹೆಸರಿಗೇ ಏಕೆ ಬರಬೇಕು ಎಂಬ ಹಟಕ್ಕೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ‘ತಾಯಿ ಯಾವಾಗ ಬಂದು ಮಾತಾಡುತ್ತಾರೆ?’ ಎಂದರಂತೆ.

ಒಬ್ಬರು ಮನೆ ತೋರಿಸಿ, ನನ್ನೆದುರೇ ಡೈರಿಯಲ್ಲಿ ಹೆಸರು ಬರೆದುಕೊಂಡು, ‘ಏಪ್ರಿಲ್‌ನಿಂದ ನಿಮ್ಮದೇ’ ಎಂದರು. ನಾನು ಮನೆಗೆ ಬಂದು ನೆಮ್ಮದಿಯಿಂದ ನಿದ್ದೆ ಮಾಡಿದೆ. ಮೂರು ವಾರದ ಮೇಲೆ ಸಂದೇಶ ಬಂತು: ಅವರಲ್ಲಿಗೆ ಈಗಾಗಲೇ ಬರುತ್ತಿರುವ ಮಗುವಿನ ತಾಯಿ ಮತ್ತೆ ಗರ್ಭಿಣಿ, ತಮ್ಮನಿಗೋ ತಂಗಿಗೋ ಜಾಗ ಬೇಕು, ಕ್ಷಮಿಸಿ. ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ನಾನು ಕೊಟ್ಟದ್ದಾದರೂ ಏನು? ಮುಂಗಡವಿಲ್ಲ, ಸಹಿಯಿಲ್ಲ. ಬಾಯಿಮಾತಿಗೆ ಬಾಯಿಮಾತು. ಮುಂದಿನವರ ಬಳಿ ಹೋಗುವಾಗ ಬ್ಯಾಗಿನಲ್ಲಿ ಪೆನ್ನಿತ್ತು.

ಈ ನಡುವೆ, ಕಷ್ಟ ನೋಡಲಾರದ ಕನ್ನಡದ ಗೆಳತಿಯೊಬ್ಬಳು ‘ನಾನೇ ನೋಡಿಕೊಳ್ಳುತ್ತೇನೆ, ನಿನಗೆ ತೋಚಿದಷ್ಟು ಕೊಡು’ ಎಂದಳು. ಆ ‘ತೋಚಿದಷ್ಟು’ ಎಂಬಲ್ಲೇ ಕಾನೂನು ಕುಳಿತಿದೆ. ತನ್ನ ಮನೆಯಲ್ಲಿ, ಪ್ರತಿಫಲ ಪಡೆದು, ಎಂಟು ವರ್ಷದೊಳಗಿನ ಬೇರೆಯವರ ಮಗುವನ್ನು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ನೋಡಿಕೊಳ್ಳುವವರು ನೋಂದಾಯಿಸಿಕೊಳ್ಳಲೇಬೇಕು. ‘ಪ್ರತಿಫಲ’ ಎಂಬ ಪದ ಎಷ್ಟು ದೂರ ಹೋಗಬಹುದು ಎನ್ನಲು 2009ರ ಪ್ರಸಂಗವೊಂದಿದೆ. ಇಬ್ಬರು ಮಹಿಳಾ ಪೊಲೀಸರು ಪಾಳಿ ಹಂಚಿಕೊಂಡು ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಒಂದು ಪೆನ್ನಿಯೂ ಕೈ ಬದಲಾಗಿರಲಿಲ್ಲ. ಆದರೂ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಅದನ್ನು ನೋಂದಣಿಯಿಲ್ಲದ ಶಿಶುಪಾಲನೆ ಎಂದಿತು. ಪರಸ್ಪರ ಉಪಕಾರವೇ ಪ್ರತಿಫಲ ಎಂಬುದು ಅದರ ವಾದ. ದೇಶದಲ್ಲಿ ಗದ್ದಲವೆದ್ದು, ಸರ್ಕಾರ ಗೆಳತಿಯರ ನಡುವಿನ ಇಂಥ ವಿನಿಮಯವನ್ನು ನಿಯಮದಿಂದ ಹೊರಗಿಟ್ಟಿತು. ಪೊಲೀಸರಿಗೇ ಹೀಗಾದರೆ ವೀಸಾದವರ ಗತಿ ಏನು? ಗೆಳತಿಗೆ ಕೈಮುಗಿದೆ.

ಹತ್ತನೆಯ ಫೋನಿನ ಮನೆಗೆ ಹೋದದ್ದು ಮೇ ತಿಂಗಳ ಮಳೆಯ ಮಧ್ಯಾಹ್ನ. ಹೋಗುವ ಮೊದಲು ತಪಾಸಣೆಯ ವರದಿ ಓದಿದ್ದೆ. ಅದು ಹಲವು ವರ್ಷ ಹಳೆಯದು. ಅದರಲ್ಲಿ ಬರುವ ಮಕ್ಕಳೆಲ್ಲ ಈಗ ದೊಡ್ಡ ಶಾಲೆಯಲ್ಲಿರಬೇಕು. ಮೂರು ಪುಟ ಪ್ರಶ್ನೆಗಳನ್ನೂ ಬರೆದುಕೊಂಡಿದ್ದೆ: ಪ್ರಥಮ ಚಿಕಿತ್ಸೆಯ ತರಬೇತಿ ಯಾವಾಗ ನವೀಕರಿಸಿದಿರಿ (ಮೂರು ವರ್ಷಕ್ಕೊಮ್ಮೆ ಆಗಬೇಕು), ಮನೆಯಲ್ಲಿರುವ 16 ವರ್ಷ ಮೇಲ್ಪಟ್ಟವರೆಲ್ಲರ ಅಪರಾಧ ಹಿನ್ನೆಲೆಯ ತಪಾಸಣೆ ಆಗಿದೆಯೇ, ನೀವು ರಜೆ ಹೋದಾಗ ಹಣ ಕೊಡಬೇಕೇ, ನಾನು ರಜೆ ಹೋದಾಗ?

ಬಾಗಿಲ ಬಳಿ ಮೊಳಕಾಲೆತ್ತರದ ಕಪಾಟು. ಅದರಲ್ಲಿ ಅಂಗೈಯಗಲದ ಮಳೆ ಬೂಟುಗಳು, ಒಂದರೊಳಗೆ ಒಂದು ಕಲ್ಲು, ಒಂದು ಒಣಗಿದ ಎಲೆ. ಆಕೆ ನನ್ನ ಮುಖ ನೋಡಿ ಮಾತಾಡಲಿಲ್ಲ. ಮಾತಾಡುತ್ತಿರುವಷ್ಟು ಹೊತ್ತೂ ಆಕೆಯ ಕಣ್ಣು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಓಡಾಡುತ್ತಿತ್ತು. ಮೊದಲು ನನಗೆ ಇದು ಅಸಡ್ಡೆ ಎನ್ನಿಸಿತು. ಎರಡು ವರ್ಷದ ಹುಡುಗಿಯೊಬ್ಬಳು ಸೋಫಾದ ಹಿಂದೆ ಹೋದಳು, ನಾನು ಗಮನಿಸಲಿಲ್ಲ. ಆಕೆ ವಾಕ್ಯದ ಮಧ್ಯೆ ನಿಲ್ಲಿಸಿ, ಬಗ್ಗಿ, ಆ ಮಗುವಿನ ಬಾಯಿಯೊಳಗೆ ಕಿರುಬೆರಳು ಹಾಕಿ, ಒಂದು ಕಾಗದದ ಚೂರು ಹೊರತೆಗೆದು, ಅದನ್ನು ತನ್ನ ಜೇಬಿಗೆ ಹಾಕಿಕೊಂಡು, ನಿಲ್ಲಿಸಿದ ಪದದಿಂದಲೇ ಮುಂದುವರಿಸಿದರು. ನನ್ನ ಮೂರು ಪುಟಗಳಲ್ಲಿ ಆಮೇಲೆ ಕೇಳಿದ್ದು ಅರ್ಧ ಪುಟ.

ಆಕೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಬೆಳಿಗ್ಗೆ ಬಿಟ್ಟು ಹೋಗುವಾಗ ಮಗು ಅತ್ತರೆ ನೀವು ಏನು ಮಾಡುತ್ತೀರಿ?’ ಮಗು ಇನ್ನೂ ಹೊಟ್ಟೆಯಲ್ಲಿತ್ತು. ಗೊತ್ತಿಲ್ಲ ಎಂದೆ. ‘ಹೇಳದೆ ಜಾರಿಕೊಳ್ಳಬೇಡಿ. ಅಳಲಿ, ಆದರೆ ಹೇಳಿಯೇ ಹೋಗಿ’ ಎಂದರು.

ಅಡುಗೆಮನೆಯ ಗೋಡೆಯಲ್ಲಿ ಒಂದು ಬಿಳಿ ಹಲಗೆ. ಅದರ ಮೇಲೆ ಚೌಕಗಳು, ಚೌಕಗಳಲ್ಲಿ ಹೆಸರುಗಳು, ಪ್ರತಿ ಹೆಸರಿನ ಪಕ್ಕ ಹುಟ್ಟಿದ ದಿನ. ಆಕೆಯ ಬೆರಳು ಅವುಗಳ ಮೇಲೆ ಹರಿದಾಡಿತು. ನಾಲ್ಕು ವರ್ಷದ ಹುಡುಗ ಸೆಪ್ಟೆಂಬರ್‌ನಲ್ಲಿ ಶಾಲೆಗೆ ಸೇರುತ್ತಾನೆ, ಅಲ್ಲಿಗೆ ಮೂವರಲ್ಲಿ ಒಂದು ಜಾಗ ಖಾಲಿ. ಅಕ್ಟೋಬರ್‌ನಲ್ಲಿ ಮೂವರಲ್ಲಿ ಇನ್ನೊಂದು ಜಾಗಕ್ಕೆ ಒಂದು ಹಸುಗೂಸು ಬರುತ್ತದೆ, ಅದು ಹುಟ್ಟಿದ್ದು ಈ ಮಾರ್ಚ್ 12ಕ್ಕೆ. ಅಂದರೆ ಮುಂದಿನ ಮಾರ್ಚ್ 12ಕ್ಕೆ ಅದು ಒಂದು ವರ್ಷದ್ದಾಗುತ್ತದೆ, ಆಗ ಹಸುಗೂಸಿನ ಚೌಕ ತೆರವಾಗುತ್ತದೆ. ಯಾರದೋ ಮನೆಯ, ನಾನು ನೋಡದ ಆ ಮಗು ಮೊದಲ ಹುಟ್ಟುಹಬ್ಬ ಆಚರಿಸಿಕೊಂಡ ಮರುದಿನದಿಂದ ನನ್ನ ಮಗುವಿಗೆ ಜಾಗ. ಆಕೆ ಮಾರ್ಕರ್ ತೆಗೆದು ಆ ಚೌಕದಲ್ಲಿ ‘ಜೂನ್ 9?’ ಎಂದು ಬರೆದರು. ನಾನು ಆ ಪ್ರಶ್ನಾರ್ಥಕ ಚಿಹ್ನೆಯನ್ನು ಸ್ವಲ್ಪ ಹೊತ್ತು ನೋಡಿ, 150 ಪೌಂಡ್ ಮುಂಗಡ ಕೊಟ್ಟು, ಒಪ್ಪಂದಕ್ಕೆ ಸಹಿ ಹಾಕಿ ಬಂದೆ. ಮಾರ್ಚ್ 12ರಿಂದ ನಾನು ಕೆಲಸಕ್ಕೆ ಮರಳುವವರೆಗೆ ಜಾಗ ಕಾದಿರಿಸಿದ್ದಕ್ಕೆ ಅರ್ಧ ಶುಲ್ಕ, ಬಿಡಬೇಕಾದರೆ ನಾಲ್ಕು ವಾರದ ಮುನ್ಸೂಚನೆ. ಉಳಿದ ಸಾಲುಗಳು ಎಲ್ಲ ಒಪ್ಪಂದಗಳ ಸಾಲುಗಳಂತೆಯೇ ಇದ್ದವು.

ಮಗಳು ಐದು ದಿನ ತಡವಾಗಿ, ಜೂನ್ 14ಕ್ಕೆ ಹುಟ್ಟಿದಳು. ಹಲಗೆಯಲ್ಲಿ ಚಿಹ್ನೆ ಅಳಿಸಿ ದಿನಾಂಕ ತಿದ್ದಿದ ಫೋಟೊ ಬಂತು. ಮುಂದಿನ ಒಂಬತ್ತು ತಿಂಗಳು ಆ ಫೋಟೊ ನನ್ನ ಮೊಬೈಲಿನಲ್ಲಿ ಮಗಳ ಮೊದಲ ಚಿತ್ರಗಳ ನಡುವೆಯೇ ಇತ್ತು. ಜಾಗ ಗೊತ್ತಾಗಿದ್ದರಿಂದ ರಾತ್ರಿ ಹಾಲುಣಿಸುವಾಗ ನಾನು ಹುಡುಕಾಟದಲ್ಲಿ ಇರಲಿಲ್ಲ, ಬರಿದೇ ಹಾಲುಣಿಸುತ್ತಿದ್ದೆ. ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಆದರೆ ಭಯ ಹೋಗಿರಲಿಲ್ಲ. ಎಂಟನೇ ತಿಂಗಳ ಸುಮಾರಿಗೆ ಮಕ್ಕಳು ಬೇರೆಯವರ ಕೈಗೆ ಹೋಗಲು ಅಳುವುದು ಶುರುವಾಗುತ್ತದೆ, ಒಂದೂವರೆ ವರ್ಷದವರೆಗೂ ಅದು ಏರಿಳಿಯುತ್ತದೆ. ಹೆರಿಗೆ ವೇತನ ನಿಲ್ಲುವ ತಿಂಗಳಿಗೂ ಈ ಅಳುವಿಗೂ ಗಂಟು ಹಾಕಿದವರು ಯಾರೋ. ಈ ವಿಷಯದಲ್ಲಿ ಎಲ್ಲರೂ ಜಾನ್ ಬೌಲ್ಬಿಯ ಹೆಸರು ಹೇಳಿ ತಾಯಂದಿರನ್ನು ಹೆದರಿಸುತ್ತಾರೆ. ತಾಯಿಯಿಂದ ಅಗಲಿಕೆ ಮಗುವಿನ ಮನಸ್ಸಿಗೆ ಏನು ಮಾಡುತ್ತದೆ ಎಂದು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದ ಮನೋವೈದ್ಯ ಆತ. ನನಗೆ ಆತನ ಸಿದ್ಧಾಂತಕ್ಕಿಂತ ಬಾಲ್ಯ ಹೆಚ್ಚು ನಾಟಿತು. ಲಂಡನ್ನಿನ ಆ ಸಿರಿವಂತ ಮನೆಯಲ್ಲಿ ಬೌಲ್ಬಿ ಬೆಳೆದದ್ದು ಒಬ್ಬ ದಾದಿಯ ಕೈಯಲ್ಲಿ. ನಾಲ್ಕು ವರ್ಷದ ಸುಮಾರಿಗೆ ಆಕೆ ಕೆಲಸ ಬಿಟ್ಟು ಹೋದದ್ದು ತಾಯಿಯನ್ನು ಕಳೆದುಕೊಂಡಷ್ಟೇ ನೋವಾಗಿ ಆತನಲ್ಲಿ ಉಳಿಯಿತು. ನನಗೆ ಇದರಲ್ಲಿ ಕಂಡದ್ದು ಬೆದರಿಕೆಯಲ್ಲ: ಮಗು ಹೆತ್ತವಳಲ್ಲದವಳನ್ನೂ ಅಷ್ಟು ಗಾಢವಾಗಿ ಹಚ್ಚಿಕೊಳ್ಳಬಲ್ಲದು. ಹಾಗಾದರೆ ಯಾರನ್ನು ಹಚ್ಚಿಕೊಳ್ಳುತ್ತದೆ, ಆಕೆ ಎಷ್ಟು ದಿನ ಇರುತ್ತಾಳೆ ಎಂಬುದನ್ನು ಮೊದಲೇ ನೋಡಬೇಕಲ್ಲ.

ಆ 21 ದಿನಗಳು ಉಪಯೋಗಕ್ಕೆ ಬಂದದ್ದು ಇಲ್ಲಿ. ಮಾರ್ಚ್ 16ರಿಂದ ಹೊಂದಿಕೆಯ ದಿನಗಳು ಶುರುವಾದವು. ಮೊದಲ ಮೂರು ದಿನ ನಾನೂ ಅಲ್ಲೇ ಕುಳಿತೆ, ಗೋಡೆಗೊರಗಿ, ಏನೂ ಮಾಡದೆ. ನಾಲ್ಕನೆಯ ದಿನ ‘ಹೋಗಿ ಬರುತ್ತೇನೆ’ ಎಂದು ಹೇಳಿ ಬೀದಿಯ ಕೊನೆಯವರೆಗೆ ನಡೆದು, ಹತ್ತು ನಿಮಿಷಕ್ಕೆ ಹಿಂದಿರುಗಿದೆ. ಅತ್ತಿದ್ದಳು. ಮರುದಿನ ಅರ್ಧ ಗಂಟೆ, ಆಮೇಲೆ ಒಂದು ನಿದ್ದೆಯಷ್ಟು ಹೊತ್ತು. ಎರಡನೇ ವಾರದ ಗುರುವಾರವೋ ಶುಕ್ರವಾರವೋ, ಬಾಗಿಲು ತೆರೆದಾಗ ಮಗಳು ನನ್ನ ಕಡೆ ಬರಲಿಲ್ಲ. ಬೂಟಿನ ಕಪಾಟಿನ ಮುಂದೆ ಕುಳಿತು, ಯಾರದೋ ಬೂಟಿನೊಳಗೆ ಮೊಣಕೈವರೆಗೂ ಕೈ ಹಾಕಿ ಹುಡುಕುತ್ತಿದ್ದಳು. ನನ್ನನ್ನು ಒಮ್ಮೆ ನೋಡಿ ಮತ್ತೆ ಬೂಟಿಗೆ ಹಿಂದಿರುಗಿದಳು. ಅಂದು ಕಾರಿನಲ್ಲಿ ಅತ್ತದ್ದು ನಾನು.

ಏಪ್ರಿಲ್ ಕೊನೆಯ ಒಂದು ಸಂಜೆ ಅವಳನ್ನು ಕರೆದೊಯ್ಯಲು ಹೋದಾಗ ಆಕೆ ಒಳಗಿನ ಕೋಣೆಯಲ್ಲಿದ್ದರು. ನಾನು ಹಲಗೆಯ ಮುಂದೆ ನಿಂತೆ. ಹಸುಗೂಸಿನ ಚೌಕದಲ್ಲಿ ಮಗಳ ಹೆಸರು, ಜೂನ್ 14. ಅದರ ಕೆಳಗೆ, ಹಸಿರು ಮಾರ್ಕರ್‌ನಲ್ಲಿ, ಹೆಸರಿಲ್ಲದೆ, ‘ಜುಲೈ ಕೊನೆ?’ ಎಂದಿತ್ತು. ‘ನಿನ್ನೆ ಬಂದಿದ್ದರು, ಪಾಪ, ಮೆಟ್ಟಿಲು ಹತ್ತಲು ಕಷ್ಟಪಡುತ್ತಿದ್ದರು’ ಎಂದು ಆಕೆ ಒಳಗಿನಿಂದಲೇ ಹೇಳಿದರು. ‘ನಿಮ್ಮವಳಿಗೆ ಒಂದು ತುಂಬುವುದು ಖಂಡಿತ ಜೂನ್ 14ಕ್ಕೇ ಅಲ್ಲವೇ ಎಂದು ಎರಡು ಸಲ ಕೇಳಿದರು.’